ಡಿಸ್ಕ್ ಜಾರಿದ ಮೇಲೆ: ಮೊದಲ ದಿನದಿಂದ ಮೂರನೇ ತಿಂಗಳವರೆಗೆ

ನನ್ನ ಬೆನ್ನಿನ ಡಿಸ್ಕ್ ಜಾರಿದ್ದು ಭಾರ ಎತ್ತುವಾಗ ಅಲ್ಲ. ಬೆಳಿಗ್ಗೆ ಬಚ್ಚಲಲ್ಲಿ ಕೈತಪ್ಪಿ ಬಿದ್ದ ಸೋಪು ತೆಗೆಯಲು ಬಗ್ಗಿದಾಗ. ಸೊಂಟದಲ್ಲಿ ಚಳಕ್ ಅಂತು, ಅಷ್ಟೇ. ಉಳುಕಿರಬೇಕು ಅಂದುಕೊಂಡು ಸ್ನಾನ ಮುಗಿಸಿ, ಡಬ್ಬಿ ಕಟ್ಟಿಕೊಂಡು ಬ್ಯಾಂಕಿಗೆ ಹೋದೆ. ಮಧ್ಯಾಹ್ನ ಕೌಂಟರ್‌ನಿಂದ ಏಳಲು ಹೋದರೆ ಎಡಗಾಲಿನ ಹಿಂಬದಿಯಲ್ಲಿ, ಪಿರ್ರೆಯಿಂದ ಹಿಮ್ಮಡಿಯವರೆಗೆ, ಕರೆಂಟ್ ಹೊಡೆದ ಹಾಗಾಯಿತು. ಆ ರಾತ್ರಿ ಮಗ್ಗುಲು ಬದಲಿಸಲೂ ಆಗಲಿಲ್ಲ.

ಆಮೇಲೆ ಸಲಹೆಗಳ ಸುರಿಮಳೆ. ಅತ್ತೆ ಹರಳೆಣ್ಣೆ ಬಿಸಿ ಮಾಡಿ ತಂದರು. ಪಕ್ಕದ ಮನೆಯವರು ಮಂಚ ಬಿಟ್ಟು ನೆಲದ ಮೇಲೆ ಮಲಗಿ ಅಂದರು. ಊರಿಂದ ಚಿಕ್ಕಪ್ಪ ಫೋನ್ ಮಾಡಿ, ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಸೊಂಟಕ್ಕೆ ಮೂರು ಸಲ ಒದೆಸಿಕೋ ಅಂದರು. ಎಣ್ಣೆಗೆ ಬೇಡ ಅನ್ನಲಿಲ್ಲ. ಒದೆಗೆ ಮಾತ್ರ ಕೈಮುಗಿದೆ. ಆದರೆ ಇವತ್ತು ಏನು ಮಾಡಬೇಕು, ಮುಂದಿನ ವಾರ ಏನು, ಯಾವಾಗ ಹೆದರಬೇಕು, ಯಾವಾಗ ಬೇಡ ಅನ್ನುವುದನ್ನು ಯಾರೂ ಹೇಳಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಒಮ್ಮೆ ಡಾಕ್ಟರಿಗೆ ತೋರಿಸಿ, ಇದು ಡಿಸ್ಕೇ ಅಂತ ಗೊತ್ತಾದವರಿಗೆ ಈ ಬರಹ.

ಎಲ್ಲಕ್ಕಿಂತ ಮೊದಲು: ಇದು ತುರ್ತು ಕೇಸಾ?

ಈ ಪ್ರಶ್ನೆಗಳಿಗೆ ಈಗಲೇ ಉತ್ತರ ಕೊಟ್ಟುಕೊಳ್ಳಿ. ಮೂತ್ರ ಹೋಗಲು ಕಷ್ಟವಾಗುತ್ತಿದೆಯಾ? ಅಥವಾ ಗೊತ್ತಿಲ್ಲದೆ ಸೋರುತ್ತಿದೆಯಾ? ಮಲದ ಮೇಲೆ ಹಿಡಿತ ತಪ್ಪಿದೆಯಾ? ಸೈಕಲ್ ಸೀಟಿಗೆ ತಾಗುವ ಜಾಗ ಇದೆಯಲ್ಲ, ತೊಡೆಸಂದು ಮತ್ತು ಅದರ ಸುತ್ತಮುತ್ತ, ಅಲ್ಲಿ ಜೋಮು ಹಿಡಿದಿದೆಯಾ? ತೊಳೆದುಕೊಳ್ಳುವಾಗ ನೀರು ತಾಗಿದ್ದೇ ಗೊತ್ತಾಗುತ್ತಿಲ್ಲವಾ? ಎರಡೂ ಕಾಲಿಗೆ ಒಟ್ಟಿಗೆ ಶಕ್ತಿ ಹೋಗುತ್ತಿದೆಯಾ?

ಒಂದಕ್ಕೆ ಹೌದು ಅಂದರೂ ಓದುವುದನ್ನು ಇಲ್ಲಿಗೇ ನಿಲ್ಲಿಸಿ. ಹಗಲಾಗಲಿ ರಾತ್ರಿಯಾಗಲಿ, ಈಗಲೇ ಸರ್ಜನ್ ಇರುವ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಬೆನ್ನುಹುರಿ ಮುಗಿಯುವಲ್ಲಿಂದ ನರಗಳು ಕುದುರೆ ಬಾಲದ ಹಾಗೆ ಕೆಳಗೆ ಇಳಿಯುತ್ತವೆ. ಆ ಇಡೀ ಕಟ್ಟೇ ಒತ್ತಿಹೋದರೆ ಈ ಲಕ್ಷಣಗಳು ಬರುತ್ತವೆ. ಕಾಡಾ ಈಕ್ವೈನಾ ಅಂತ ಅದಕ್ಕೆ ಹೆಸರು. ಅಪರೂಪ, ಆದರೆ ಗಂಟೆಗಳ ಲೆಕ್ಕದ ಆಟ. ತಡ ಮಾಡಿದರೆ ಮೂತ್ರದ ತೊಂದರೆ ಜೀವನಪೂರ್ತಿ ಉಳಿಯಬಹುದು. ನಾಚಿಕೆಯಿಂದ ಈ ಮಾತನ್ನು ಮನೆಯಲ್ಲಿ ಹೇಳದೆ ಇರುವವರು ನಮ್ಮಲ್ಲಿ ಜಾಸ್ತಿ, ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ನಡೆಯುವಾಗ ಮುಂಗಾಲು ಮೇಲೇಳದೆ ಹೆಬ್ಬೆರಳು ನೆಲಕ್ಕೆ ಎಡವುತ್ತಿದ್ದರೆ, ಆ ಬಲಹೀನತೆ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಅದೂ ಕಾಯುವ ವಿಷಯ ಅಲ್ಲ. ಸಂಜೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಬಿದ್ದು ಪೆಟ್ಟಾಗಿರುವುದು, ಇವಿದ್ದರೂ ಬೇಗ ತೋರಿಸಿ. ಬೆನ್ನುಮೂಳೆಗೆ ಟಿಬಿ ಬರುವುದು ನಮ್ಮ ದೇಶದಲ್ಲಿ ಹೊಸದೇನಲ್ಲ.

ಒಳಗೆ ಆಗಿರುವುದೇನು?

ಡಿಸ್ಕ್ ನಿಜವಾಗಿ ಎಲ್ಲಿಗೂ ಜಾರುವುದಿಲ್ಲ. ಎರಡು ಮೂಳೆಗಳ ಮಧ್ಯೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಹೂರಣ ಜಾಸ್ತಿಯಾದ ಹೋಳಿಗೆಯನ್ನು ಲಟ್ಟಿಸುವಾಗ ಅಂಚಿನ ಕಣಕ ಹರಿದು ಹೂರಣ ಹೊರಗೆ ಇಣುಕುತ್ತದಲ್ಲ, ಇಲ್ಲೂ ಅದೇ. ಹೊರಗಿನ ನಾರಿನ ಉಂಗುರ ಹರಿದು, ಒಳಗಿನ ಮೆದು ತಿರುಳು ಪಕ್ಕದ ನರದ ಬುಡಕ್ಕೆ ತಾಗುತ್ತದೆ. ಒತ್ತುವುದಷ್ಟೇ ಅಲ್ಲ, ಆ ತಿರುಳಿನ ರಾಸಾಯನಿಕಗಳಿಗೆ ನರ ಉರಿದು ಊದಿಕೊಳ್ಳುತ್ತದೆ. ಕಾಲಿನ ಆ ಕರೆಂಟಿಗೆ ಅರ್ಧ ಕಾರಣ ಈ ಉರಿಯೂತ.

ಸೊಂಟದಲ್ಲಿ ಐದು ಮೂಳೆಗಳು. ತೊಂದರೆ ಬರುವುದು ಹೆಚ್ಚಾಗಿ ಕೊನೆಯ ಎರಡು ಡಿಸ್ಕ್‌ಗಳಲ್ಲಿ. ರಿಪೋರ್ಟಿನಲ್ಲಿ ಎಲ್4-ಎಲ್5, ಎಲ್5-ಎಸ್1 ಅಂತ ಇರುತ್ತದೆ. ಮೊದಲನೆಯದರಲ್ಲಿ ಸಾಮಾನ್ಯವಾಗಿ ನೋವು ಅಥವಾ ಜೋಮು ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿಗೆ ಹೋಗುತ್ತದೆ. ಹಿಮ್ಮಡಿಯ ಮೇಲೆ ನಡೆಯುವುದು ಕಷ್ಟ. ಎರಡನೆಯದರಲ್ಲಿ ಮೀನಖಂಡ, ಪಾದದ ಹೊರ ಅಂಚು, ಕಿರುಬೆರಳು. ತುದಿಗಾಲಲ್ಲಿ ನಿಲ್ಲುವುದು ಕಷ್ಟ. ನನ್ನದು ಈ ಎರಡನೆಯದು.

ಸಮಾಧಾನದ ವಿಷಯ ಏನೆಂದರೆ, ಹೊರಗೆ ಬಂದ ಆ ತಿರುಳನ್ನು ದೇಹ ಬೇಡದ ವಸ್ತು ಅಂತ ಗುರುತಿಸಿ ನಿಧಾನಕ್ಕೆ ಕರಗಿಸುತ್ತದೆ. ಸ್ಕ್ಯಾನಿನಲ್ಲಿ ನೋಡಿದರೆ ಹೆದರಿಕೆ ಹುಟ್ಟಿಸುವ, ದೊಡ್ಡದಾಗಿ ಹೊರಬಿದ್ದ ತುಣುಕುಗಳೇ ಸಣ್ಣ ಉಬ್ಬಿಗಿಂತ ಹೆಚ್ಚು ಸಲ ಕರಗುತ್ತವೆ. ವಿಚಿತ್ರ, ಆದರೆ ನಿಜ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ಕಾಲು ನೋವು ಗಣನೀಯವಾಗಿ ಇಳಿಯುತ್ತದೆ.

ಹಾಗಾಗಿ ರಿಪೋರ್ಟ್ ಓದಿ ಕುಸಿಯಬೇಡಿ. 1994ರಲ್ಲಿ ಅಮೆರಿಕದಲ್ಲಿ ಬೆನ್ನು ನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ಕಾಲು ಭಾಗದಷ್ಟು ಜನರಿಗೆ ತಿರುಳು ಮುಂದಕ್ಕೆ ಚಾಚಿಕೊಂಡಿತ್ತು. ಅವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದರು. ಕೂದಲು ಬೆಳ್ಳಗಾಗುವ ಹಾಗೆ ಡಿಸ್ಕೂ ವಯಸ್ಸಿನೊಂದಿಗೆ ಸವೆಯುತ್ತದೆ.

ನಾನು ಮೊದಲು ಹೋದ ಆಸ್ಪತ್ರೆಯಲ್ಲಿ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಸೋಮವಾರ ಆಪರೇಷನ್ ಮಾಡೋಣ ಅಂದರು. ನನ್ನ ಕಾಲನ್ನು ಒಮ್ಮೆಯೂ ಮುಟ್ಟಲಿಲ್ಲ. ಎರಡನೆಯವರು ಫಿಲ್ಮ್ ಪಕ್ಕಕ್ಕಿಟ್ಟು, ಚಪ್ಪಲಿ ಬಿಡಿಸಿ, ಒಂಟಿಕಾಲಲ್ಲಿ ಹತ್ತು ಸಲ ತುದಿಗಾಲೇರಿಸಿದರು. ಎಡಗಾಲು ಆರಕ್ಕೇ ಸೋತಿತು. "ಶಕ್ತಿ ಸ್ವಲ್ಪ ಕಮ್ಮಿ ಇದೆ, ಆದರೆ ಇದೆ. ವಾರಕ್ಕೊಮ್ಮೆ ನೀವೇ ಎಣಿಸಿ ಬರೆದಿಡಿ. ಕಮ್ಮಿಯಾದರೆ ಓಡಿ ಬನ್ನಿ" ಅಂದರು. ಕ್ಯಾಲೆಂಡರಿನ ಭಾನುವಾರದ ಚೌಕದಲ್ಲಿ ಬರೆಯುತ್ತಾ ಹೋದೆ. ಆರು, ಆರು, ಎಂಟು, ಹತ್ತು. ಈ ಸಣ್ಣ ಲೆಕ್ಕ ನನಗೆ ಎಂಆರ್‌ಐಗಿಂತ ಹೆಚ್ಚು ಧೈರ್ಯ ಕೊಟ್ಟಿತು.

ನೋವು ಎಷ್ಟಿದೆ ಅಂತ ಅಲ್ಲ, ಎಲ್ಲಿದೆ ಅಂತ ನೋಡಿ

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೋವು ಪಾದದಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಏರುತ್ತಿದ್ದರೆ ನೀವು ವಾಸಿಯಾಗುತ್ತಿದ್ದೀರಿ. ಸೊಂಟದ ನೋವು ಆ ಹೊತ್ತಿಗೆ ಜಾಸ್ತಿ ಆದರೂ ಸರಿ. ಉಲ್ಟಾ, ಸೊಂಟ ಹಗುರವಾಗಿ ನೋವು ಪಾದದ ಕಡೆ ಇಳಿಯುತ್ತಿದ್ದರೆ, ಈಗ ಮಾಡುತ್ತಿರುವುದು ಏನೋ ಆಗಿಬರುತ್ತಿಲ್ಲ ಅಂತ ಅರ್ಥ.

ಇದು ಗೊತ್ತಾದದ್ದು ಒಂದು ಆಕಸ್ಮಿಕದಿಂದ. 1956ರಲ್ಲಿ ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿನಲ್ಲಿ ರಾಬಿನ್ ಮೆಕೆನ್ಜಿ ಅನ್ನುವ ಫಿಸಿಯೋಥೆರಪಿಸ್ಟ್, ವಾರಗಳಿಂದ ಕಾಲು ನೋವಿದ್ದ ಒಬ್ಬ ರೋಗಿಗೆ ಒಳಗೆ ಹೋಗಿ ಬೋರಲು ಮಲಗಿರಿ ಅಂದರು. ಟೇಬಲಿನ ತಲೆಭಾಗ ಹಿಂದಿನ ರೋಗಿಗಾಗಿ ಎತ್ತರಕ್ಕೆ ಏರಿಸಿದ್ದು ಹಾಗೇ ಉಳಿದಿತ್ತು. ರೋಗಿ ಅದರ ಮೇಲೇ ಬೆನ್ನು ಹಿಂದಕ್ಕೆ ಬಾಗಿದಂತೆ ಮಲಗಿಬಿಟ್ಟ. ಮೆಕೆನ್ಜಿ ಬಂದು ನೋಡಿ ಗಾಬರಿಯಾದರು. ರೋಗಿ ಮಾತ್ರ, ಇಷ್ಟು ದಿನದಲ್ಲಿ ಮೊದಲ ಸಲ ಕಾಲು ಹಗುರಾಗಿದೆ ಅಂದ. ಇವತ್ತು ಫಿಸಿಯೋಗಳು ಬೋರಲು ಮಲಗಿಸಿ ಮಾಡಿಸುವ ವ್ಯಾಯಾಮಗಳ ಮೂಲ ಅಲ್ಲಿದೆ.

ಮೊದಲ ಮೂರು ದಿನ

ಈ ದಿನಗಳಲ್ಲಿ ಶೂರತನ ಬೇಡ. ನೋವು ಕಮ್ಮಿ ಇರುವ ಒಂದು ಭಂಗಿ ಹುಡುಕಿಕೊಳ್ಳುವುದೇ ಕೆಲಸ. ಹೆಚ್ಚಿನವರಿಗೆ ಆಗಿಬರುವುದು ಇದು: ನೆಲದ ಮೇಲೆ ಜಮಖಾನ ಹಾಸಿ ಅಂಗಾತ ಮಲಗಿ. ಮೀನಖಂಡಗಳನ್ನು ಕುರ್ಚಿಯ ಮೇಲಿಡಿ. ಸೊಂಟ ಮತ್ತು ಮಂಡಿ ಎರಡೂ ಲಂಬ ಕೋನದಲ್ಲಿರಲಿ. ಹತ್ತು ನಿಮಿಷ ಹಾಗೇ ಇರಿ. ರಾತ್ರಿ ಅಂಗಾತ ಮಲಗುವವರು ಮಂಡಿ ಕೆಳಗೆ ದಿಂಬು ಇಟ್ಟುಕೊಳ್ಳಿ, ಮಗ್ಗುಲಾಗಿ ಮಲಗುವವರು ಎರಡು ಮಂಡಿಗಳ ನಡುವೆ.

ಹಾಸಿಗೆಯಿಂದ ನೇರವಾಗಿ ಎದ್ದು ಕೂರಬೇಡಿ. ಮೊದಲು ಮಂಡಿ ಮಡಚಿ, ಭುಜ ಮತ್ತು ಸೊಂಟ ಒಟ್ಟಿಗೆ ಮರದ ದಿಮ್ಮಿ ಉರುಳಿದ ಹಾಗೆ ಮಗ್ಗುಲಿಗೆ ಹೊರಳಿ. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡುತ್ತಾ ಕೈ ಊರಿ ಮೇಲೇಳಿ. ನಮ್ಮ ಹಿರಿಯರು ಬಲಮಗ್ಗುಲಲ್ಲಿ ಏಳು ಅನ್ನುತ್ತಿದ್ದರಲ್ಲ. ಯಾವ ಮಗ್ಗುಲಾದರೂ ಸರಿ, ಮಗ್ಗುಲಲ್ಲಿ ಏಳಿ.

ನೆಲವೇ ಒಳ್ಳೆಯದು, ಹಾಸಿಗೆ ಬೇಡ ಅನ್ನುವ ಮಾತಿಗೆ ಆಧಾರ ಕಮ್ಮಿ. 2003ರಲ್ಲಿ ಸ್ಪೇನಿನಲ್ಲಿ ಹಳೇ ಬೆನ್ನು ನೋವಿನ 313 ಜನರ ಮೇಲೆ ಪರೀಕ್ಷೆ ನಡೆಯಿತು. ತುಂಬಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದ್ದರಲ್ಲಿ ಮಲಗಿದವರಿಗೆ ಆರಾಮ ಹೆಚ್ಚು ಸಿಕ್ಕಿತು. ಗುಂಡಿ ಬಿದ್ದ ಹತ್ತಿ ಹಾಸಿಗೆ ಬೇಡ, ಕಲ್ಲಿನಂಥದ್ದೂ ಬೇಡ. ಜೊತೆಗೆ, ನೆಲದಿಂದ ಏಳುವುದು ಈ ದಿನಗಳಲ್ಲಿ ಒಂದು ದೊಡ್ಡ ಸಾಹಸ.

ಸೀನು ಬಂದರೆ ಕೂತಲ್ಲೇ ಮುಂದಕ್ಕೆ ಬಾಗಬೇಡಿ. ಬದಲಿಗೆ ಎದ್ದು ನಿಂತು ಗೋಡೆಗೋ ಟೇಬಲ್ಲಿಗೋ ಕೈ ಕೊಟ್ಟು, ಬೆನ್ನು ನೇರ ಇಟ್ಟು ಸೀನಿ. ಮಲಬದ್ಧತೆ ಈ ಕಾಯಿಲೆಯ ದೊಡ್ಡ ಶತ್ರು. ಮುಕ್ಕಿದರೆ ನೋವು ಕಾಲಿಗೆ ಹೊಡೆಯುತ್ತದೆ. ಟ್ರಮಡಾಲ್ ತರಹದ ಜೋರು ನೋವಿನ ಮಾತ್ರೆಗಳು ಮಲ ಗಟ್ಟಿ ಮಾಡುತ್ತವೆ. ನೀರು, ಬಾಳೆಹಣ್ಣು, ಪರಂಗಿ, ಸೊಪ್ಪಿನ ಪಲ್ಯ, ಸಾಲದಿದ್ದರೆ ಇಸಬ್‌ಗೋಲ್. ಕುಕ್ಕರಗಾಲಲ್ಲಿ ಕೂರುವ ಶೌಚಾಲಯ ಸದ್ಯಕ್ಕೆ ಬೇಡ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ, ಮಧ್ಯೆ ತೂತಿರುವ ಪ್ಲಾಸ್ಟಿಕ್ ಕಮೋಡ್ ಸ್ಟೂಲ್ ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ವಯಸ್ಸಾದವರ ವಸ್ತು ಅಂತ ಮುಜುಗರ ಪಟ್ಟು ನಾನು ಎರಡು ದಿನ ಸುಮ್ನೆ ಒದ್ದಾಡಿದೆ.

ಪೂರ್ತಿ ಮಲಗಿರುವುದು ಒಂದೆರಡು ದಿನ, ಅಷ್ಟೇ. 1999ರಲ್ಲಿ ನೆದರ್‌ಲೆಂಡ್ಸಿನಲ್ಲಿ ಸಯಾಟಿಕಾ, ಅಂದರೆ ಸೊಂಟದ ನರ ಕೆರಳಿ ಕಾಲಿಗೆ ಇಳಿಯುವ ನೋವು, ಇದ್ದ 183 ಜನರಲ್ಲಿ ಅರ್ಧ ಜನರನ್ನು ಎರಡು ವಾರ ಹಾಸಿಗೆಯಲ್ಲೇ ಇರಿಸಿದರು. ಉಳಿದವರಿಗೆ ಆದಷ್ಟು ಓಡಾಡಿ ಅಂದರು. ಹನ್ನೆರಡು ವಾರದ ಕೊನೆಗೆ ಎರಡೂ ಕಡೆ ಸುಧಾರಿಸಿದವರು ನೂರಕ್ಕೆ 87. ಅಂದರೆ ಎರಡು ವಾರ ಮಲಗಿದವರಿಗೆ ಬಂದ ಲಾಭ ಏನೂ ಇಲ್ಲ.

ಮಾತ್ರೆ, ಸೂಜಿ, ಸ್ಕ್ಯಾನ್, ಕತ್ತರಿ

ನೋವಿನ ಮಾತ್ರೆಗಳು ಡಿಸ್ಕನ್ನು ವಾಸಿ ಮಾಡುವುದಿಲ್ಲ. ನಿದ್ದೆ ಬರಿಸಿ ನಡೆಯುವಂತೆ ಮಾಡುತ್ತವೆ, ಅಷ್ಟು ಸಾಕು. ಊಟದ ಮೇಲೆ ತೆಗೆದುಕೊಳ್ಳಿ. ಬಿಪಿ, ಕಿಡ್ನಿ ತೊಂದರೆ, ಅಲ್ಸರ್ ಇರುವವರು ಡಾಕ್ಟರಿಗೆ ಮೊದಲೇ ಹೇಳಿ. ಮೆಡಿಕಲ್ ಶಾಪಿನವರು ಕೊಟ್ಟ ಡೈಕ್ಲೋಫೆನಾಕನ್ನು ತಿಂಗಳುಗಟ್ಟಲೆ ನುಂಗಬೇಡಿ. ನರದ ಮಾತ್ರೆ ಅಂತ ಪ್ರಿಗಾಬಲಿನ್ ಬರೆಯುವುದು ನಮ್ಮಲ್ಲಿ ತುಂಬಾ ಸಾಮಾನ್ಯ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ 209 ಸಯಾಟಿಕಾ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದಾಗ ಸುಳ್ಳು ಮಾತ್ರೆಗಿಂತ ಹೆಚ್ಚಿನ ಉಪಯೋಗ ಕಾಣಲಿಲ್ಲ. ತಲೆಸುತ್ತು ಮಾತ್ರ ಜಾಸ್ತಿ ಬಂತು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಥಟ್ಟನೆ ಬಿಡಬೇಡಿ, ಕೇಳಿ ನಿಧಾನಕ್ಕೆ ಇಳಿಸಿ.

ತುರ್ತಿನ ಲಕ್ಷಣ, ಹೆಚ್ಚುತ್ತಿರುವ ಬಲಹೀನತೆ ಇಲ್ಲದಿದ್ದರೆ ಮೊದಲ ಆರು ವಾರ ಸ್ಕ್ಯಾನಿನಿಂದ ಚಿಕಿತ್ಸೆಯೇನೂ ಬದಲಾಗುವುದಿಲ್ಲ. ನರದ ಬುಡಕ್ಕೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರಗಳ ಆರಾಮ ಕೊಡುತ್ತದೆ. ಆ ಸಮಯದಲ್ಲಿ ನಡೆದಾಡಲು ಸಾಧ್ಯವಾದರೆ ಅದೇ ಲಾಭ.

ಆಪರೇಷನ್ ಕೆಟ್ಟದ್ದಲ್ಲ, ಅದು ಬೇಗ ಆರಾಮ ಕೊಡುವ ದಾರಿ. 2007ರಲ್ಲಿ ನೆದರ್‌ಲೆಂಡ್ಸಿನಲ್ಲಿ ತೀವ್ರ ಕಾಲು ನೋವಿನ 283 ಜನರನ್ನು ಹೋಲಿಸಿದರು. ಬೇಗ ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು. ಆದರೆ ಒಂದು ವರ್ಷದ ಹೊತ್ತಿಗೆ ಎರಡೂ ಗುಂಪು ಸಮ. ಕಾಯೋಣ ಅಂದವರಲ್ಲಿ ನೂರಕ್ಕೆ 39 ಜನ ನೋವು ತಾಳಲಾರದೆ ನಡುವೆ ಆಪರೇಷನ್ನಿಗೇ ಹೋದರು, ಅದನ್ನೂ ಮುಚ್ಚಿಡಬಾರದು. ಹತ್ತಾರು ವಾರ ಸರಿಯಾಗಿ ಪ್ರಯತ್ನಪಟ್ಟೂ ರಾತ್ರಿ ನಿದ್ದೆ ಇಲ್ಲ, ಕೆಲಸಕ್ಕೆ ಹೋಗಲಾಗುತ್ತಿಲ್ಲ ಅಂದರೆ ಆಪರೇಷನ್ ಕೇಳುವುದು ಸೋಲೇನಲ್ಲ. ದಿನಗೂಲಿಯವರ ಲೆಕ್ಕ ಬೇರೆ, ಸಂಬಳದ ರಜೆ ಇರುವ ನನ್ನಂಥವರ ಲೆಕ್ಕ ಬೇರೆ.

ನಾಲ್ಕನೇ ದಿನದಿಂದ ಆರನೇ ವಾರ

ನಡಿಗೆಯೇ ಇಲ್ಲಿ ಮುಖ್ಯ ಔಷಧಿ. ಡಿಸ್ಕಿನ ಒಳಗೆ ರಕ್ತನಾಳಗಳಿಲ್ಲ. ಒತ್ತಿ ಬಿಟ್ಟು ಒತ್ತಿ ಬಿಟ್ಟು ಸ್ಪಂಜು ನೀರು ಹೀರುವ ಹಾಗೆ ಅದಕ್ಕೆ ಆಹಾರ ಸೇರುತ್ತದೆ. ಮೊದಲ ದಿನ ಮನೆಯೊಳಗೇ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಎರಡು ದಿನಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ. ನಡೆದ ಮೇಲೆ ನೋವು ಪಾದದ ಕಡೆ ಇಳಿದು ಅರ್ಧ ಗಂಟೆಯಾದರೂ ಹಿಂದೆ ಸರಿಯದಿದ್ದರೆ, ನಾಳೆ ಸಮಯ ಅರ್ಧ ಮಾಡಿ. ನಿಲ್ಲಿಸಬೇಡಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಅಥವಾ ಶೂ ಹಾಕಿ.

ಬೋರಲು ಮಲಗುವುದನ್ನು ದಿನಕ್ಕೆ ಮೂರ್ನಾಲ್ಕು ಸಲ ಪ್ರಯತ್ನಿಸಿ. ಮೊದಲು ಸುಮ್ನೆ ಎರಡು ನಿಮಿಷ, ಬೇಕಾದರೆ ಹೊಟ್ಟೆ ಕೆಳಗೆ ತೆಳು ದಿಂಬು. ನೋವು ಮೇಲಕ್ಕೆ ಸರಿಯುತ್ತಿದೆ ಅಥವಾ ಹಾಗೇ ಇದೆ ಅಂದರೆ ಮೊಣಕೈ ಊರಿ ಎದೆ ಎತ್ತಿ, ಪುಸ್ತಕ ಓದುವ ಮಕ್ಕಳ ಹಾಗೆ. ಅದೂ ಸರಿಹೋದರೆ ಕೆಲವು ದಿನದ ನಂತರ ಅಂಗೈ ಊರಿ, ಸೊಂಟ ನೆಲದಲ್ಲೇ ಬಿಟ್ಟು, ನಿಧಾನಕ್ಕೆ ಮೇಲೆ ಕೆಳಗೆ ಹತ್ತು ಸಲ. ಭುಜಂಗಾಸನದ ಹತ್ತಿರದ್ದೇ ಇದು, ಆದರೆ ಕೈ ಎತ್ತುತ್ತದೆ, ಬೆನ್ನು ಸಡಿಲವಾಗಿರುತ್ತದೆ. ಯಾವ ಹಂತದಲ್ಲಾದರೂ ನೋವು ಮಂಡಿಗಿಂತ ಕೆಳಗೆ ಓಡಿದರೆ ಹಿಂದಿನ ಹಂತಕ್ಕೆ ಬನ್ನಿ. ಎಲ್ಲರಿಗೂ ಇದು ಆಗಿಬರುವುದಿಲ್ಲ. ನಡೆದರೆ ಕಾಲು ಭಾರವಾಗಿ, ಕೂತರೆ ಆರಾಮ ಅನ್ನಿಸುವ ವಯಸ್ಸಾದವರಿಗೆ ಮುಂದಕ್ಕೆ ಬಾಗುವುದೇ ಹಿತ. ಅವರದ್ದು ಬೇರೆ ತೊಂದರೆ ಇರಬಹುದು, ಫಿಸಿಯೋ ನೋಡಿ ಹೇಳಲಿ.

ಬೆಳಗಿನ ಮೊದಲ ಒಂದೆರಡು ಗಂಟೆ ಹುಷಾರು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ರಾತ್ರಿಗಿಂತ ಒಂದರಿಂದ ಎರಡು ಸೆಂಟಿಮೀಟರ್ ಎತ್ತರ ಇರುವುದು ಅದಕ್ಕೇ. ತುಂಬಿದ ಬಲೂನಿನ ಹಾಗಿರುವ ಆಗ ಬಗ್ಗಿದರೆ ಉಂಗುರದ ಮೇಲೆ ಒತ್ತಡ ಹೆಚ್ಚು. 1998ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಬೆಳಿಗ್ಗೆ ಎದ್ದ ಮೊದಲ ಎರಡು ಗಂಟೆ ಬಗ್ಗುವುದನ್ನು ಬಿಟ್ಟವರಿಗೆ ಹಳೇ ಬೆನ್ನು ನೋವು ಕಮ್ಮಿಯಾಯಿತು. ಇದನ್ನು ಓದಿದಾಗ ನನಗೆ ಆ ಸೋಪು ನೆನಪಾಯಿತು. ನಮ್ಮ ಹೆಂಗಸರ ಬೆಳಗನ್ನೇ ನೋಡಿ. ಎದ್ದ ಕೂಡಲೇ ಬಾಗಿ ಕಸ, ಬಾಗಿ ಬಾಗಿಲಿಗೆ ನೀರು, ಮಂಡಿ ನೇರ ಇಟ್ಟು ಸೊಂಟದಿಂದಲೇ ಬಾಗಿ ಹತ್ತು ನಿಮಿಷ ರಂಗೋಲಿ. ಡಿಸ್ಕ್ ಅತ್ಯಂತ ನಾಜೂಕಾಗಿರುವ ಗಂಟೆಯಲ್ಲೇ ಮೂರೂ! ಮೂರು ತಿಂಗಳು ರಂಗೋಲಿಯನ್ನು ಮಗಳಿಗೆ, ಕಸವನ್ನು ಗಂಡನಿಗೆ ವಹಿಸಿದೆ. ಹೊಸ್ತಿಲು ಮುನಿಸಿಕೊಳ್ಳಲಿಲ್ಲ.

ಮನೆಯ ಉಳಿದ ಕೆಲಸಗಳಲ್ಲಿ ಬದಲಾಯಿಸಿದ್ದು ಇಷ್ಟು. ಸ್ನಾನದ ಬಕೆಟ್ ನೆಲದ ಮೇಲಲ್ಲ, ಗಟ್ಟಿ ಸ್ಟೂಲಿನ ಮೇಲೆ. ಅರ್ಧ ಬಕೆಟ್ ನೀರು ಸಾಕು. ಮುಖ ತೊಳೆಯುವಾಗ ಒಂದು ಕೈ ಸಿಂಕಿಗೆ ಆನಿಸಿ. ನೆಲ ಒರೆಸಲು ಉದ್ದ ಕೋಲಿನ ಮಾಪು. ಕುಕ್ಕರ್, ದೋಸೆ ಹಿಟ್ಟಿನ ಪಾತ್ರೆ ಎಲ್ಲ ಸೊಂಟದ ಎತ್ತರದ ಶೆಲ್ಫಿಗೆ ಬಂದವು. ಅಡುಗೆ ಕಟ್ಟೆಯ ಮುಂದೆ ನಿಲ್ಲುವಾಗ ಒಂದು ಕಾಲನ್ನು ಗಿಡ್ಡ ಮಣೆಯ ಮೇಲಿಟ್ಟು, ಆಗಾಗ ಕಾಲು ಬದಲಿಸುತ್ತಿದ್ದೆ. ಊಟ ಟೇಬಲ್ಲಿನಲ್ಲಿ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು ತಪ್ಪಿತು, ಬಫೆಗೆ ಬೈಯುತ್ತಿದ್ದ ನಾನೇ ಬಫೆ ಹುಡುಕಿಕೊಂಡು ಹೋದೆ.

ಕೂರುವುದು ನಿಲ್ಲುವುದಕ್ಕಿಂತ ಡಿಸ್ಕಿಗೆ ಕಷ್ಟ, ಅದರಲ್ಲೂ ಕುಸಿದು ಕೂತರೆ. ಟವೆಲ್ ಸುತ್ತಿ ಸೊಂಟದ ಹಿಂದೆ ಇಟ್ಟುಕೊಳ್ಳಿ. ಇಪ್ಪತ್ತು ನಿಮಿಷಕ್ಕೊಮ್ಮೆ ಏಳಿ. ನಾನು ಕೌಂಟರಿನಲ್ಲಿ ಪ್ರತಿ ಆರನೇ ಗ್ರಾಹಕರಿಗೊಮ್ಮೆ ಎದ್ದು ನಿಲ್ಲುತ್ತಿದ್ದೆ. ಅವರು ತಮಗೆ ಮರ್ಯಾದೆ ಅಂದುಕೊಳ್ಳುತ್ತಿದ್ದರು ಅನ್ನಿಸುತ್ತದೆ.

ಸ್ಕೂಟರ್ ಆರು ವಾರ ಬೇಡ. ನಮ್ಮ ಹಂಪುಗಳು, ಗುಂಡಿಗಳು ಗೊತ್ತಲ್ಲ. ಮತ್ತೆ ಶುರು ಮಾಡಿದರೂ ಸೆಂಟರ್ ಸ್ಟ್ಯಾಂಡ್ ಹಾಕುವ ಸಾಹಸ ಬೇಡ, ಸೈಡ್ ಸ್ಟ್ಯಾಂಡ್ ಸಾಕು. ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲಿನ ಸೀಟು ಮತ್ತು ಕೊನೆಯ ಸಾಲು ಬಿಡಿ. ಮಧ್ಯದಲ್ಲಿ ಸೀಟು ಸಿಗದಿದ್ದರೆ ಕಂಬ ಹಿಡಿದು ನಿಲ್ಲುವುದೇ ಮೇಲು.

ನರ ಎಳೆಯುತ್ತಿದೆ ಅಂತ ಕಾಲನ್ನು ಎಳೆದು ಎಳೆದು ಸ್ಟ್ರೆಚ್ ಮಾಡಬೇಡಿ. ಉರಿಯುತ್ತಿರುವ ನರಕ್ಕೆ ಅದು ಇನ್ನೂ ಹಿಂಸೆ. ಬದಲಿಗೆ ನಯವಾಗಿ ಸರಿದಾಡಿಸಿ. ಕುರ್ಚಿಯಲ್ಲಿ ನೇರ ಕೂತು, ಮಂಡಿ ನೀಡುತ್ತಾ ಮುಖ ಮೇಲೆತ್ತಿ. ಮಂಡಿ ಮಡಚುತ್ತಾ ಗಲ್ಲ ಎದೆಗೆ ತನ್ನಿ. ಹತ್ತು ಸಲ, ನೋವು ಹುಟ್ಟುವ ಮೊದಲೇ ವಾಪಸ್.

ಸೊಂಟದ ಬೆಲ್ಟ್? ಪ್ರಯಾಣಕ್ಕೆ, ಬೇರೆ ದಾರಿಯಿಲ್ಲದ ಕೆಲಸಕ್ಕೆ ಹಾಕಿಕೊಳ್ಳಿ. ದಿನವಿಡೀ ಬೇಡ.

ಆರನೇ ವಾರದಿಂದ ಮೂರನೇ ತಿಂಗಳು

ಕಾಲು ನೋವು ಮಂಡಿ ಮೇಲಕ್ಕೆ ಬಂದ ಮೇಲೆ ಬಲ ತುಂಬುವ ಕೆಲಸ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಸ್ಟುವರ್ಟ್ ಮೆಗಿಲ್ ಮೂರು ವ್ಯಾಯಾಮ ಆರಿಸಿದ್ದಾರೆ. ಬೆನ್ನನ್ನು ಬಗ್ಗಿಸದೆ ಸುತ್ತಲಿನ ಸ್ನಾಯುಗಳನ್ನು ಗಟ್ಟಿ ಮಾಡುವುದು ಅವುಗಳ ಗುಣ.

ಒಂದನೆಯದು, ಅಂಗಾತ ಮಲಗಿ ಒಂದು ಮಂಡಿ ಮಡಚಿ, ಎರಡೂ ಅಂಗೈ ಸೊಂಟದ ಕೆಳಗಿಟ್ಟು, ತಲೆ ಮತ್ತು ಭುಜವನ್ನು ನೆಲದಿಂದ ಒಂದಿಷ್ಟೇ ಎತ್ತುವುದು. ಎದ್ದು ಕೂರುವುದಲ್ಲ. ತಲೆಯಡಿ ಒಂದು ತೆಳು ಪುಸ್ತಕ ಎಳೆದುಕೊಳ್ಳುವಷ್ಟು ಸಂದು ಆದರೆ ಸಾಕು. ಎರಡನೆಯದು, ಮಗ್ಗುಲಾಗಿ ಮೊಣಕೈ ಮತ್ತು ಮಂಡಿ ಊರಿ ಸೊಂಟ ಎತ್ತಿ ಹಿಡಿಯುವುದು. ಮೂರನೆಯದು, ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ನೀಡುವುದು, ಆಮೇಲೆ ಬದಲಿಸುವುದು. ಬೆನ್ನ ಮೇಲೆ ಲೋಟದಲ್ಲಿ ಕಾಫಿ ಇದೆ, ಚೆಲ್ಲಬಾರದು ಅಂದುಕೊಳ್ಳಿ. ಪ್ರತಿಯೊಂದನ್ನೂ ಹತ್ತು ಸೆಕೆಂಡ್ ಹಿಡಿದು ಬಿಡಿ. ಆರು ಸಲ, ಸ್ವಲ್ಪ ವಿಶ್ರಾಂತಿ, ನಾಲ್ಕು ಸಲ, ವಿಶ್ರಾಂತಿ, ಎರಡು ಸಲ. ಉಸಿರು ಕಟ್ಟಬೇಡಿ.

ಯೋಗ ಮಾಡುವವರಿಗೆ ಒಂದು ಮಾತು. ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಹಲಾಸನ ಸದ್ಯಕ್ಕೆ ಬೇಡವೇ ಬೇಡ. ಸೂರ್ಯನಮಸ್ಕಾರದಲ್ಲೂ ಮುಂದಕ್ಕೆ ಬಾಗುವ ಹಂತ ಇದೆ, ಮರೆಯಬೇಡಿ. ಮಕರಾಸನ, ನೋವು ಬರದಷ್ಟು ಭುಜಂಗಾಸನ ಆಗಬಹುದು.

ಈಗ ಬಗ್ಗುವುದನ್ನು ಹೊಸದಾಗಿ ಕಲಿಯಬೇಕು. ಪೊರಕೆಯ ಕೋಲನ್ನು ಬೆನ್ನಿಗೆ ಉದ್ದಕ್ಕೆ ಹಿಡಿದುಕೊಳ್ಳಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಪಿರ್ರೆ, ಮೂರೂ ಕೋಲಿಗೆ ತಾಗಿರಲಿ. ಮಂಡಿ ಸ್ವಲ್ಪ ಮಡಚಿ, ಕತ್ತಲಲ್ಲಿ ಹಿಂದಿರುವ ಕುರ್ಚಿಯನ್ನು ಪಿರ್ರೆಯಿಂದ ಹುಡುಕುವ ಹಾಗೆ ಹಿಂದಕ್ಕೆ ತಳ್ಳುತ್ತಾ ಮುಂದೆ ಬಾಗಿ. ಕೋಲು ಒಂದು ಕಡೆಯಾದರೂ ಬಿಟ್ಟರೆ ಬೆನ್ನು ಬಗ್ಗಿದೆ ಅಂತ ಅರ್ಥ. ಮಡಚಬೇಕಾದ್ದು ತೊಡೆಸಂದಿನಲ್ಲಿ, ಸೊಂಟದಲ್ಲಿ ಅಲ್ಲ. ಕೆಳಗೆ ಬಿದ್ದ ಹಗುರ ವಸ್ತುವಿಗೆ ಇನ್ನೂ ಸುಲಭ ಉಪಾಯ ಇದೆ. ಒಂದು ಕೈ ಟೇಬಲ್ಲಿಗೆ ಕೊಟ್ಟು, ಒಂದು ಕಾಲನ್ನು ಹಿಂದಕ್ಕೆ ಗಾಳಿಯಲ್ಲಿ ಎತ್ತುತ್ತಾ ಬಾಗಿ ಎತ್ತಿಕೊಳ್ಳಿ. ನಾನು ಸೋಪನ್ನು ಈಗ ಹೀಗೇ ತೆಗೆಯುವುದು, ನಲ್ಲಿ ಹಿಡಿದುಕೊಂಡು.

ಜೋಮು ಕೊನೆಗೆ ಹೋಗುತ್ತದೆ. ಮೊದಲು ನೋವು, ಆಮೇಲೆ ಬಲ, ಕೊನೆಗೆ ಜೋಮು, ಹೆಚ್ಚಿನವರಿಗೆ ಈ ಕ್ರಮ. ನನ್ನ ಕಿರುಬೆರಳು ಎಂಟು ತಿಂಗಳು ಬೇರೆ ಯಾರದ್ದೋ ಬೆರಳಿನ ಹಾಗಿತ್ತು. ಅದೊಂದೇ ಉಳಿದು ಬಲ ಕುಂದದೆ ಇದ್ದರೆ ಅದಕ್ಕಾಗಿ ಚಿಂತೆ ಹಚ್ಚಿಕೊಳ್ಳಬೇಡಿ.

ಮತ್ತೆ ಬಂದರೆ, ಮತ್ತೆ ಎತ್ತಬೇಕಾದರೆ

ಮೊದಲ ವರ್ಷದಲ್ಲಿ ಒಂದೆರಡು ಸಲ ಚಳಕು ಬರಬಹುದು. ಬಂದ ಕೂಡಲೇ ಎಲ್ಲ ಮಣ್ಣುಪಾಲಾಯಿತು ಅನ್ನಿಸುತ್ತದೆ. ನೋವು ಎಲ್ಲಿದೆ ನೋಡಿ. ಸೊಂಟದಲ್ಲೇ ಇದ್ದರೆ ಎರಡು ದಿನ ಮೊದಲ ಮೂರು ದಿನದ ಪಾಠಕ್ಕೆ ಹೋಗಿ, ನಡಿಗೆಯಿಂದ ಮತ್ತೆ ಶುರು ಮಾಡಿ. ಕಾಲಿಗೆ ಇಳಿದು ವಾರವಾದರೂ ಮೇಲೇರದಿದ್ದರೆ ಡಾಕ್ಟರ್. ನಡಿಗೆಯನ್ನು ಮಾತ್ರ ವಾಸಿಯಾದ ಮೇಲೂ ಬಿಡಬೇಡಿ. 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಬೆನ್ನು ನೋವಿನಿಂದ ಚೇತರಿಸಿಕೊಂಡ 701 ಜನರಲ್ಲಿ ನಡಿಗೆ ರೂಢಿಸಿಕೊಂಡವರಿಗೆ ನೋವು ಮರಳಲು ಸರಾಸರಿ 208 ದಿನ ಹಿಡಿಯಿತು, ಉಳಿದವರಿಗೆ 112. ಬೀಡಿ ಸಿಗರೇಟು ಸೇದುವವರು ಬಿಟ್ಟರೆ ಡಿಸ್ಕಿಗೂ ಒಳ್ಳೆಯದು.

ಭಾರದ ಲೆಕ್ಕ ಹೀಗಿಟ್ಟುಕೊಳ್ಳಿ. ಮೂರನೇ ತಿಂಗಳಲ್ಲಿ ಎರಡು ಕೈಗೂ ಸಮವಾಗಿ ಹಂಚಿದ ತರಕಾರಿ ಚೀಲ, ಒಟ್ಟು ನಾಲ್ಕೈದು ಕೆಜಿ. ವಾರಕ್ಕೆ ಒಂದೊಂದು ಕೆಜಿ ಏರಿಸಿ. ಎತ್ತುವಾಗ ವಸ್ತು ಹೊಟ್ಟೆಗೆ ಅಂಟಿಕೊಂಡಿರಲಿ. ತಿರುಗಬೇಕಾದರೆ ಪಾದ ತಿರುಗಿಸಿ, ಸೊಂಟ ತಿರುಚಬೇಡಿ. 20 ಲೀಟರಿನ ನೀರಿನ ಕ್ಯಾನ್ ಅಂದರೆ 20 ಕೆಜಿ, ಅದೂ ಬಾಗಿ ಎತ್ತಿ, ಎದೆಯ ಎತ್ತರಕ್ಕೆ ಏರಿಸಿ, ಬೋರಲು ಹಾಕಬೇಕು. ಒಂದು ಕೈಪಂಪ್ ತಂದು ಕ್ಯಾನನ್ನು ಇದ್ದಲ್ಲೇ ಬಿಡಿ. ತುಂಬಿದ ಅಡುಗೆ ಸಿಲಿಂಡರ್ ಸುಮಾರು 30 ಕೆಜಿ. ಅದರಲ್ಲಿ ಗ್ಯಾಸೇ 14.2 ಕೆಜಿ. ತಂದುಕೊಡುವ ಹುಡುಗನಿಗೆ ಅಡುಗೆಮನೆವರೆಗೆ ತಂದಿಡಪ್ಪಾ ಅಂತ ಕೇಳಲು ಸಂಕೋಚ ಬೇಡ. ಅವನು ಬಾಗಿಲಲ್ಲೇ ಇಟ್ಟು ಹೋದ ದಿನ ಅದನ್ನು ಹಾಗೇ ಬಿಟ್ಟಿರುತ್ತೇನೆ. ಸಂಜೆ ಯಾರಾದರೂ ಬರುತ್ತಾರೆ.